ಲೈವ್ ಇಮೇಜಿನ ರಚನೆಯಲ್ಲಿ ತೋರುವ ದೋಷಗಳೂ ಅವುಗಳ ಮೂಲಶೋಧನೆಯೂ

ಬೀದರ ನಗರಕ್ಕೆ ಪೂರ್ವದಲ್ಲಿ, ಬಹು ಸಮೀಪದಲ್ಲಿಯೇ ಇರುವ ಅಷ್ಟೂರ ಗ್ರಾಮವು ಬಹಮನೀ ಸುಲ್ತಾನರ ಗೋರಿಗಳಿಂದ ಪ್ರಸಿದ್ಧವಾದುದು. ಅವುಗಳಲ್ಲಿ, 1436ರಲ್ಲಿ ತೀರಿಕೊಂಡ ಅಹಮದ್ ಶಾಹ ವಲಿಯ ಗೋರಿಯ ಒಳಭಾಗದಲ್ಲಿ ಕೂಫಿ, ತುಗ್ರಾ, ನಸ್ಖ್ ಮೊದಲಾದ ಶೈಲಿಗಳಲ್ಲಿ ವರ್ಣಗಳಿಂದ ಬರೆದ ಬರಹಗಳುಂಟು. ಗುಲಾಮ್ ಯಜ್ದಾನಿಯವರು ಬೀದರದ ಇತಿಹಾಸವನ್ನೂ ಸ್ಮಾರಕಗಳನ್ನೂ ಕುರಿತು 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಗೋರಿಗಳ ವರ್ಣನೆಯಿದೆ. ಈ ಸುಲ್ತಾನನನ್ನು ಮುಸಲ್ಮಾನರು ವಲಿಯೆಂದೂ ಹಿಂದೂಗಳಲ್ಲಿ ಹಲವರು ಅಲ್ಲಮಪ್ರಭುವೆಂದೂ ಭಾವಿಸಿ ನಡೆದುಕೊಳ್ಳುವುದು ಆ ಸೀಮೆಯ ವಿಶೇಷ. ಸುತ್ತಣ ನಾಡಿನಲ್ಲಿ ಕನ್ನಡದೊಡನೆ ಉರ್ದುವೂ, ಔರಾದ ಭಾಲ್ಕಿಗಳ ಕಡೆ ಮರಾಠಿಯೂ, ಮೂಡಣ ಗಡಿಯಲ್ಲಿ ತೆಲುಗೂ ಬಳಕೆಯಲ್ಲಿವೆ.

ಇಂಥ ಸ್ಥಳದಲ್ಲಿ ಶಾಸನವನ್ನಾಗಲಿ ಜನಪದಗೀತವನ್ನಾಗಲಿ ಓಲೆಯ ಪ್ರತಿಯನ್ನಾಗಲಿ ಬರೆದುಕೊಳ್ಳುವ ವಿದ್ವಾಂಸನ ಟಿಪ್ಪಣಿಯಲ್ಲಿ ಒಂದೇ ಪುಟದಲ್ಲಿ ಮೂರು ಲಿಪಿಗಳು ಸೇರುವುದು ಅಪೂರ್ವವೇನೂ ಅಲ್ಲ. ಆದರೆ ಅವನ ಮುಂದಿರುವ ಗಣಕಯಂತ್ರವು ಬಹುಮಟ್ಟಿಗೆ ಅವನದಾಗಿರುವುದಿಲ್ಲ. ಶಾಲೆಯದೋ ಗ್ರಂಥಾಲಯದ್ದೋ ಪರಿಚಿತರದೋ ಆದ ಆ ಯಂತ್ರದಲ್ಲಿ ಬೇಕಾದ ಫಾಂಟುಗಳಿಲ್ಲ, ಕೀಲಿಮಣೆಯ ವಿನ್ಯಾಸವಿಲ್ಲ, ಹೊಸದನ್ನು ಸ್ಥಾಪಿಸುವ ಅಧಿಕಾರವೂ ಇಲ್ಲ. ಈ ತೊಡಕಿಗೆ ಪರಿಹಾರವಾಗಿ ಬಂದಿರುವುದು ಲೈವ್ ಇಮೇಜು, ಅಂದರೆ ಯಂತ್ರದ ಒಳಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಎದ್ದು ನಡೆಯುವ ಪೂರ್ಣ ಕಾರ್ಯಾಚರಣ ವ್ಯವಸ್ಥೆ. ಪೆನ್‌ಡ್ರೈವನ್ನು ಸಿಕ್ಕಿಸಿ ಯಂತ್ರವನ್ನು ಹೊತ್ತಿಸಿದರೆ ತನ್ನ ಫಾಂಟು, ತನ್ನ ಕೀಲಿಮಣೆ, ತನ್ನ ನಿಘಂಟು ಎಲ್ಲವೂ ಎದುರಿಗೆ ಬರುವುವು. ತೆಗೆದರೆ ಯಂತ್ರವು ಹಿಂದಿನಂತೆಯೇ ಉಳಿಯುವುದು.

ಜರ್ಮನಿಯ ಕ್ಲಾಸ್ ಕ್ನೊಪ್ಪರ್ ಎಂಬ ಎಂಜಿನಿಯರು 2000ದಲ್ಲಿ ಹೊರತಂದ ಕ್ನೊಪಿಕ್ಸ್ ಈ ಬಗೆಯ ವ್ಯವಸ್ಥೆಗಳನ್ನು ಜನಪ್ರಿಯಗೊಳಿಸಿತು. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ನಿನ ಆಧಾರದ ಮೇಲೆ ಬಾಸ್ ಎಂಬ ವ್ಯವಸ್ಥೆಯನ್ನು 2007ರಲ್ಲಿ ಹೊರತಂದಿತು. ಕನ್ನಡಿಗರಿಗೆ ಹೆಚ್ಚು ಸಮೀಪದ ಉದಾಹರಣೆ ಕಾಸರಗೋಡಿನದು. ಕೇರಳದ ಐಟಿ@ಸ್ಕೂಲ್ ಯೋಜನೆಯು 2001ರಲ್ಲಿ ಆರಂಭವಾಗಿ, ಶಾಲೆಗಳಿಗಾಗಿಯೇ ಮೊದಲು ಡೆಬಿಯನ್ನಿನಿಂದಲೂ ತರುವಾಯ ಉಬುಂಟುವಿನಿಂದಲೂ ತನ್ನದೇ ಆದ ಗ್ನೂ/ಲಿನಕ್ಸ್ ಪ್ರತಿಯನ್ನು ಕಟ್ಟಿಸಿತು. 2017ರಲ್ಲಿ ಆ ಯೋಜನೆಯು ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಟ್ಟಿತು. ಮಲಯಾಳ, ಇಂಗ್ಲಿಷು, ತಮಿಳುಗಳೊಡನೆ ಕನ್ನಡ ಮಾಧ್ಯಮದ ಮಕ್ಕಳೂ ಇದೇ ಪ್ರತಿಯಿಂದ ಕಲಿಯುವರು. ಒಂದೇ ಇಮೇಜಿನಿಂದ ಸಹಸ್ರಾರು ಪ್ರತಿಗಳು ಹೊರಡುವಲ್ಲಿ ಮೂಲದಲ್ಲಿ ಬಿಟ್ಟುಹೋದ ಒಂದು ಫಾಂಟು ಅಷ್ಟು ಪ್ರತಿಗಳಲ್ಲಿಯೂ ಬಿಟ್ಟುಹೋಗುವುದು. ಹಸ್ತಪ್ರತಿಗಳ ವಂಶವೃಕ್ಷವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಸಿದ್ಧವಾದ ಇಮೇಜನ್ನು ಬಳಸುವುದು ಸುಲಭ. ತನಗೆ ಬೇಕಾದಂತೆ ಕಟ್ಟಿಕೊಳ್ಳುವುದು ಕಷ್ಟ. ಕಟ್ಟುವ ಸಲಕರಣೆಗಳೇನೋ ಉಚಿತವಾಗಿಯೇ ದೊರೆಯುವುವು. ಕಷ್ಟವಿರುವುದು ಬೇರೆ ಕಡೆ: ದೋಷವು ತೋರುವ ಸ್ಥಳವೊಂದು, ಅದು ಹುಟ್ಟಿದ ಸ್ಥಳ ಮತ್ತೊಂದು. ತೆರೆಯ ಮೇಲಿನ ಕೊನೆಯ ಮಾತನ್ನೇ ರೋಗವೆಂದು ಭಾವಿಸಿ ಚಿಕಿತ್ಸೆಗೆ ತೊಡಗಿದವನು ದಿನಗಟ್ಟಲೆ ಅಲೆಯುವನು. ಗ್ರಂಥಸಂಪಾದಕನು ಅಪಪಾಠವನ್ನು ಕಂಡೊಡನೆ ತಿದ್ದದೆ ಅದು ಯಾವ ಪ್ರತಿಯಿಂದ ಇಳಿದುಬಂದಿತೆಂದು ಹುಡುಕುವ ಕ್ರಮವೇ ಇಲ್ಲಿಯೂ ದಾರಿ.

ಅದಕ್ಕಾಗಿ ಮೊದಲು ಯಂತ್ರವು ಏಳುವ ಕ್ರಮವನ್ನು ತಿಳಿಯಬೇಕು. ವಿದ್ಯುತ್ತು ಬಂದೊಡನೆ ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರು ಎಚ್ಚತ್ತು ಪೆನ್‌ಡ್ರೈವಿನಲ್ಲಿ ಬೂಟ್‌ಲೋಡರೆಂಬ ಕಿರು ಪ್ರೋಗ್ರಾಮನ್ನು ಅರಸುವುದು. ಬೂಟ್‌ಲೋಡರು ಆಯ್ಕೆಯ ಪಟ್ಟಿಯನ್ನು ತೋರಿಸಿ, ಕರ್ನಲನ್ನೂ ಇನಿಟ್‌ರಾಮ್‌ಎಫ್‌ಎಸ್ ಎಂಬುದನ್ನೂ ರ‍್ಯಾಮಿಗೆ ತುಂಬುವುದು. ಇನಿಟ್‌ರಾಮ್‌ಎಫ್‌ಎಸ್ ಎಂಬುದು ಕರ್ನಲಿಗೆ ಕಟ್ಟಿಕೊಟ್ಟ ದಾರಿಯ ಬುತ್ತಿ: ಮುಖ್ಯ ವ್ಯವಸ್ಥೆಯನ್ನು ಕಂಡುಹಿಡಿದು ತೆರೆಯುವವರೆಗೆ ಬೇಕಾಗುವ ಚಾಲಕಗಳೂ ಕಿರು ಉಪಕರಣಗಳೂ ಅದರಲ್ಲಿರುವುವು. ಅದು ಪೆನ್‌ಡ್ರೈವಿನಲ್ಲಿ ಸ್ಕ್ವಾಶ್‌ಎಫ್‌ಎಸ್ ಎಂಬ ಒತ್ತಿ ಕಟ್ಟಿದ ದೊಡ್ಡ ಫೈಲನ್ನು ಹುಡುಕುವುದು. ವ್ಯವಸ್ಥೆಯ ಸರ್ವಸ್ವವೂ ಅದರೊಳಗಿದೆ. ಆ ಫೈಲು ಓದಲು ಮಾತ್ರ ಬರುವಂಥದು, ಬರೆಯಲು ಬಾರದು. ಆದಕಾರಣ ಅದರ ಮೇಲೆ ರ‍್ಯಾಮಿನಲ್ಲಿ ಓವರ್‌ಲೇ ಎಂಬ ತೆಳುವಾದ ಪದರವೊಂದನ್ನು ಹಾಸುವರು. ಬಳಸುವವನು ಬರೆದುದೆಲ್ಲ ಮೇಲ್ಪದರದಲ್ಲಿ ನಿಲ್ಲುವುದು, ಓದುವುದೆಲ್ಲ ಎರಡನ್ನೂ ಕೂಡಿಸಿಕೊಂಡಂತೆ ತೋರುವುದು. ಸ್ಕ್ವಾಶ್‌ಎಫ್‌ಎಸ್ 2009ರಲ್ಲಿಯೂ ಓವರ್‌ಲೇ 2014ರ ಡಿಸೆಂಬರಿನಲ್ಲಿಯೂ ಲಿನಕ್ಸ್ ಕರ್ನಲಿನ ಅಂಗಗಳಾದುವು. ಅದಕ್ಕೆ ಹಿಂದಿನವರು ಬೇರೆ ತೇಪೆಗಳನ್ನು ಹಚ್ಚಿಕೊಂಡು ಕೆಲಸ ನಡೆಸುತ್ತಿದ್ದರು. ಹಳೆಯ ಬರಹಗಳಲ್ಲಿ ಯೂನಿಯನ್‌ಎಫ್‌ಎಸ್, ಆಫ್ಸ್ ಎಂಬ ಹೆಸರುಗಳು ಕಂಡುಬರುವುದು ಈ ಕಾರಣದಿಂದ.

ಯಂತ್ರವು ಈ ಸರಪಳಿಯ ಯಾವ ಕೊಂಡಿಯಲ್ಲಿ ನಿಂತಿತೆಂಬುದನ್ನು ನಿಶ್ಚಯಿಸುವುದೇ ಶೋಧನೆಯ ಮೊದಲ ಹೆಜ್ಜೆ.

ಪೆನ್‌ಡ್ರೈವನ್ನು ಲೆಕ್ಕಿಸದೆ ಒಳಡಿಸ್ಕಿನ ವಿಂಡೋಸೇ ಎದ್ದರೆ ದೋಷವು ಮೊದಲ ಕೊಂಡಿಯಲ್ಲಿದೆ. ಫರ್ಮ್‌ವೇರುಗಳಲ್ಲಿ ಎರಡು ಜಾತಿ. ಹಳೆಯದಾದ ಬಯೋಸ್ ಡಿಸ್ಕಿನ ಪ್ರಥಮ ಖಂಡದಲ್ಲಿ ಬೂಟು ಸಂಕೇತವನ್ನು ನಿರೀಕ್ಷಿಸುವುದು. ಹೊಸದಾದ ಯುಇಎಫ್‌ಐ ಫ್ಯಾಟ್ ಮಾದರಿಯ ವಿಭಾಗವೊಂದರಲ್ಲಿ ನಿಯತವಾದ ಹೆಸರಿನ ಫೈಲನ್ನು ನಿರೀಕ್ಷಿಸುವುದು. ಸಿ.ಡಿ.ಯಿಂದ ಯಂತ್ರವನ್ನು ಎಬ್ಬಿಸಲು 1995ರಲ್ಲಿ ಏರ್ಪಟ್ಟ ಎಲ್ ಟೊರಿಟೊ ಎಂಬ ನಿಯಮವು ಸಿ.ಡಿ.ಗೆ ಸಾಲುವುದು, ಪೆನ್‌ಡ್ರೈವಿಗೆ ಸಾಲದು. ಕಟ್ಟಿದ ಇಮೇಜು ಡಿ.ವಿ.ಡಿ.ಯಿಂದಲೂ ವರ್ಚುವಲ್ ಯಂತ್ರದಿಂದಲೂ ಸರಾಗವಾಗಿ ಎದ್ದು, ಪೆನ್‌ಡ್ರೈವಿನಿಂದ ಮಾತ್ರ ಏಳದಿದ್ದರೆ, ಅದನ್ನು ಹೈಬ್ರಿಡ್ ಮಾದರಿಯಲ್ಲಿ ಕಟ್ಟಿಲ್ಲವೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಕೆಲವು ಅಗ್ಗದ ಟ್ಯಾಬ್ಲೆಟ್ಟುಗಳಲ್ಲಿ ಪ್ರೊಸೆಸರು 64 ಬಿಟ್ಟಿನದಾದರೂ ಯುಇಎಫ್‌ಐ 32 ಬಿಟ್ಟಿನದಾಗಿರುವುದುಂಟು. ಅವುಗಳಿಗೆ ಬೇರೊಂದು ಬೂಟ್‌ಲೋಡರನ್ನೂ ಜೊತೆಯಲ್ಲಿಡಬೇಕು. ಸೆಕ್ಯೂರ್ ಬೂಟ್ ಎಂಬ ಕಾವಲು ಜಾರಿಯಲ್ಲಿದ್ದರೆ ಸಹಿಯಿಲ್ಲದ ಕರ್ನಲನ್ನು ಯಂತ್ರವು ಒಪ್ಪುವುದಿಲ್ಲ. ತಾನೇ ಸಿದ್ಧಪಡಿಸಿದ ಕರ್ನಲು ಬೇಕೇ ಬೇಕೆಂಬ ಹಟವಿಲ್ಲದವರು ಡೆಬಿಯನ್ ಅಥವಾ ಉಬುಂಟುವಿನ ಸಹಿಮಾಡಿದ ಕರ್ನಲನ್ನೇ ಇರಗೊಡುವುದು ಯುಕ್ತ. ಭಾಷಾಕಾರ್ಯಕ್ಕೆ ಕರ್ನಲಿನ ಬದಲಾವಣೆಯಿಂದ ಯಾವ ಪ್ರಯೋಜನವೂ ಇಲ್ಲ.

ಗ್ರಬ್ ಎಂಬ ಬೂಟ್‌ಲೋಡರಿನ ಹೆಸರೂ ಒಂದು ಬಾಣದ ಗುರುತೂ ಮಾತ್ರ ತೆರೆಯಲ್ಲಿ ನಿಂತಿದ್ದರೆ ಬೂಟ್‌ಲೋಡರು ಸಿಕ್ಕಿದೆ, ಅದರ ಪಟ್ಟಿಯ ಫೈಲು ಸಿಕ್ಕಿಲ್ಲವೆಂದು ಅರ್ಥ. ಇದು ಅಲ್ಪದೋಷ, ಫೈಲಿನ ದಾರಿಯನ್ನು ಸರಿಪಡಿಸಿದರೆ ತೀರಿತು.

ಬಹುಮಂದಿ ಎಡವುವುದು ಮೂರನೆಯ ಕೊಂಡಿಯಲ್ಲಿ. ಪಟ್ಟಿಯು ಕಾಣಿಸುವುದು, ಕರ್ನಲು ಎದ್ದು ನೂರಾರು ಸಾಲುಗಳನ್ನು ಉರುಳಿಸುವುದು, ಕೊನೆಗೆ ಲೈವ್ ಫೈಲ್‌ಸಿಸ್ಟಮ್ ಇರುವ ಮಾಧ್ಯಮವು ಸಿಕ್ಕಲಿಲ್ಲವೆಂಬ ಸಂದೇಶವನ್ನು ಕೊಟ್ಟು ಇನಿಟ್‌ರಾಮ್‌ಎಫ್‌ಎಸ್ಸಿನ ಬರಿಯ ಆಜ್ಞಾಸಾಲಿನಲ್ಲಿ ನಿಂತುಬಿಡುವುದು. ಇದನ್ನು ಓದಿದವನು ಪೆನ್‌ಡ್ರೈವೇ ಕೆಟ್ಟಿತೆಂದು ಭಾವಿಸಿ ಮತ್ತೊಂದನ್ನು ಕೊಳ್ಳುವನು. ಕರ್ನಲೂ ಇನಿಟ್‌ರಾಮ್‌ಎಫ್‌ಎಸ್ಸೂ ಅದೇ ಪೆನ್‌ಡ್ರೈವಿನಿಂದ ಬಂದವಷ್ಟೆ! ಆಗ ಓದಿದ್ದು ಫರ್ಮ್‌ವೇರಿನ ಸಾಮರ್ಥ್ಯದಿಂದ. ಈಗ ಓದಬೇಕಾದುದು ಕರ್ನಲಿನ ಸ್ವಂತ ಚಾಲಕಗಳಿಂದ. ಬುತ್ತಿಯಲ್ಲಿ ಆ ಚಾಲಕವಿಲ್ಲದಿದ್ದರೆ ತಾನು ಕುಳಿತ ಗಾಡಿಯನ್ನೇ ಕರ್ನಲು ಕಾಣದಾಗುವುದು.

ಈ ಸ್ಥಿತಿಯಲ್ಲಿ ಯಂತ್ರವನ್ನು ಆರಿಸಬಾರದು. ಆ ಬರಿಯ ಆಜ್ಞಾಸಾಲು ಶೋಧಕನಿಗೆ ದೊರೆತ ಸಾಕ್ಷಿಯ ಕಟ್ಟೆ. ಅಲ್ಲಿ ಪ್ರಾಕ್ ಎಂಬ ಕೋಶದ ಪಾರ್ಟಿಶನ್ಸ್ ಫೈಲನ್ನು ಓದಿದರೆ ಕರ್ನಲಿಗೆ ಕಾಣುವ ಡಿಸ್ಕುಗಳ ಪಟ್ಟಿ ಬರುವುದು. ಪೆನ್‌ಡ್ರೈವಿನ ಹೆಸರು ಅದರಲ್ಲಿಲ್ಲದಿದ್ದರೆ ಯುಎಸ್‌ಬಿ ಚಾಲಕದ ಕೊರತೆ, ಇಲ್ಲವೆ ಪೆನ್‌ಡ್ರೈವು ತಡವಾಗಿ ಎಚ್ಚರಗೊಳ್ಳುವ ಸ್ವಭಾವದ್ದು. ಕೆಲವು ಸೆಕೆಂಡು ಕಾಯುವಂತೆ ಕರ್ನಲಿಗೆ ಹೇಳಿದರೆ ಎರಡನೆಯದು ನಿವಾರಣೆಯಾಗುವುದು. ಹೆಸರಿದ್ದು ತೆರೆಯಲು ಬಾರದಿದ್ದರೆ ಫೈಲ್‌ಸಿಸ್ಟಮಿನ ಚಾಲಕವನ್ನು ಹುಡುಕಬೇಕು. ಫ್ಯಾಟ್ ವಿಭಾಗವನ್ನು ತೆರೆಯಲು ಅದರ ಚಾಲಕವೊಂದೇ ಸಾಲದು; ಅಕ್ಷರಪಟ್ಟಿಯ ಬೇರೊಂದು ಚೂರೂ ಬೇಕು. ಆ ಚೂರನ್ನು ಮರೆತು ಕಟ್ಟಿದ ಇಮೇಜುಗಳು ಕಡಮೆಯೇನಲ್ಲ. ತೆರೆಯಲು ಬಂದು ಸ್ಕ್ವಾಶ್‌ಎಫ್‌ಎಸ್ ಫೈಲು ಅಲ್ಲಿಲ್ಲದಿದ್ದರೆ ಅದನ್ನು ಇಟ್ಟ ಕೋಶದ ಹೆಸರು ತಪ್ಪಿದೆ. ಡೆಬಿಯನ್ನಿನಲ್ಲಿ ಅದು ಲೈವ್ ಎಂಬ ಕೋಶದಲ್ಲಿಯೂ ಉಬುಂಟುವಿನಲ್ಲಿ ಕ್ಯಾಸ್ಪರ್ ಎಂಬ ಕೋಶದಲ್ಲಿಯೂ ಇರತಕ್ಕುದು. ಒಂದರ ಪಾಠವನ್ನು ನೋಡಿ ಇನ್ನೊಂದನ್ನು ಕಟ್ಟಿದವರಿಗೆ ಈ ತಪ್ಪು ಸಹಜ. ಡೆಬಿಯನ್ನಿನಲ್ಲಿ ‘ಬೂಟ್=ಲೈವ್’ ಎಂಬ ಮಾತನ್ನು ಕರ್ನಲಿನ ಸಾಲಿನಲ್ಲಿ ಸೇರಿಸದಿದ್ದರೆ ಮಿಕ್ಕ ಎಲ್ಲವೂ ಸರಿಯಿದ್ದರೂ ವ್ಯವಸ್ಥೆಯು ತಾನು ಲೈವ್ ಎಂಬುದನ್ನೇ ಅರಿಯದು. ಫೆಡೋರಾದ ಕ್ರಮದಲ್ಲಿ ಮಾಧ್ಯಮವನ್ನು ಅದರ ಲೇಬಲಿನಿಂದ ಗುರುತಿಸುವರು. ಫ್ಯಾಟ್ ಲೇಬಲಿಗೆ 11 ಅಕ್ಷರಗಳ ಮಿತಿಯಿರುವುದರಿಂದ, ಇಮೇಜನ್ನು ಇದ್ದಂತೆಯೇ ಬರೆಯದೆ ಫೈಲುಗಳನ್ನು ಬಿಡಿಸಿ ಫ್ಯಾಟ್ ಪೆನ್‌ಡ್ರೈವಿಗೆ ನಕಲು ಮಾಡಿದಾಗ ಉದ್ದವಾದ ಲೇಬಲು ಮೊಟಕಾಗಿ ಹುಡುಕಾಟವು ವ್ಯರ್ಥವಾಗುವುದು. ಹೀಗೆ ನಕಲು ಮಾಡುವಲ್ಲಿ ಇನ್ನೊಂದು ಅಡ್ಡಿಯೂ ಉಂಟು: ಫ್ಯಾಟ್32ರಲ್ಲಿ 4 ಗಿಗಾಬೈಟಿನಷ್ಟು ದೊಡ್ಡದಾದ ಒಂಟಿ ಫೈಲು ಹಿಡಿಯದು.

ಈ ಗುಂಪಿನಲ್ಲಿ ಅತ್ಯಂತ ಮೋಸದ ದೋಷವೆಂದರೆ ಕರ್ನಲಿನ ಬೆರಕೆ. ಇಮೇಜನ್ನು ಕಟ್ಟುವವನು ಒಂದು ಕೋಶದೊಳಗೆ ಹೊಸ ವ್ಯವಸ್ಥೆಯನ್ನು ಬಿಡಿಸಿಟ್ಟು, ಕ್ರೂಟ್ ಎಂಬ ಉಪಾಯದಿಂದ ಅದರೊಳಗೆ ಹೊಕ್ಕು ಪ್ಯಾಕೇಜುಗಳನ್ನು ಸೇರಿಸುವನು. ಆಗ ಕರ್ನಲಿಗೂ ಹೊಸ ಆವೃತ್ತಿಯು ಬಂದು ಸೇರಬಹುದು. ಅವನು ಬೂಟ್‌ಲೋಡರಿಗೆಂದು ಹಿಂದೆಯೇ ಹೊರತೆಗೆದಿಟ್ಟುದು ಹಳೆಯ ಕರ್ನಲು. ಸ್ಕ್ವಾಶ್‌ಎಫ್‌ಎಸ್ಸಿನೊಳಗೆ ಉಳಿದುದು ಹೊಸದರ ಚಾಲಕಗಳು. ಎರಡು ಶಾಖೆಗಳ ಪಾಠಗಳನ್ನು ಬೆರಸಿ ಮೂರನೆಯದೊಂದನ್ನು ಮಾಡಿದಂತೆ ಇದು. ಪ್ರತ್ಯೇಕವಾಗಿ ಎರಡೂ ಶುದ್ಧ, ಕೂಡಿದಾಗ ಎರಡೂ ನಿರರ್ಥಕ. ಕ್ರೂಟಿನೊಳಗೆ ನಿಂತು ಕರ್ನಲಿನ ಆವೃತ್ತಿಯನ್ನು ಕೇಳಿದರೆ ಉತ್ತರವಾಗಿ ಬರುವುದು ಹೊರಗೆ ನಡೆಯುತ್ತಿರುವ ಯಂತ್ರದ ಆವೃತ್ತಿ, ಒಳಗೆ ಸ್ಥಾಪಿಸಿರುವುದರದಲ್ಲ. ಇದನ್ನು ಅರಿಯದೆ ಆ ಸಂಖ್ಯೆಗೆ ತಕ್ಕ ಇನಿಟ್‌ರಾಮ್‌ಎಫ್‌ಎಸ್ಸನ್ನು ಕಟ್ಟಿದವರು ಬಹಳ. ಚಾಲಕಗಳ ಕೋಶದಲ್ಲಿರುವ ಆವೃತ್ತಿಯ ಹೆಸರನ್ನು ಕಣ್ಣಾರೆ ನೋಡಿ, ಕರ್ನಲು, ಇನಿಟ್‌ರಾಮ್‌ಎಫ್‌ಎಸ್, ಚಾಲಕಗಳು ಈ ಮೂರರ ಸಂಖ್ಯೆಯೂ ಒಂದೇ ಎಂದು ತಾಳೆನೋಡುವುದೇ ಇದಕ್ಕೆ ಮದ್ದು.

ಕ್ರೂಟಿನ ಪ್ರಸ್ತಾಪ ಬಂದುದರಿಂದ ಒಂದು ಅಪಾಯವನ್ನು ಇಲ್ಲಿಯೇ ಹೇಳಬೇಕಾಗಿದೆ. ಅದರೊಳಗೆ ಪ್ಯಾಕೇಜುಗಳು ಸರಿಯಾಗಿ ಸ್ಥಾಪಿತವಾಗಲು ಹೊರಗಿನ ಡೆವ್, ಪ್ರಾಕ್, ಸಿಸ್ ಎಂಬ ಕೋಶಗಳನ್ನು ಒಳಕ್ಕೆ ಜೋಡಿಸುವರು. ಕೆಲವರು ತಮ್ಮ ಸ್ವಂತ ಕಡತಗಳ ಕೋಶವನ್ನೂ ಅನುಕೂಲಕ್ಕೆಂದು ಜೋಡಿಸುವರು. ಕೆಲಸವು ಕೆಟ್ಟು, ಬೇಸತ್ತು, ಜೋಡಣೆಯನ್ನು ಬಿಚ್ಚದೆಯೇ ಇಡೀ ಕೋಶವನ್ನು ಅಳಿಸಿದರೆ ಹೊರಗಿನ ಕಡತಗಳೂ ಅದರೊಡನೆ ಅಳಿಯುವುವು. ಮಿಕ್ಕ ದೋಷಗಳಿಂದ ಹೋಗುವುದು ಕಾಲವೊಂದೇ. ಇದರಿಂದ ವರ್ಷಗಳ ಸಂಗ್ರಹವೇ ಹೋಗಬಹುದು.

ಪ್ಯಾಕೇಜುಗಳು ಸಿಕ್ಕಲಿಲ್ಲವೆಂದು ರಚನೆಯು ಅರ್ಧದಲ್ಲಿ ನಿಲ್ಲುವುದಕ್ಕೆ ಸಾಮಾನ್ಯವಾಗಿ ಕ್ರೂಟಿನೊಳಗೆ ಜಾಲದ ವಿಳಾಸಗಳ ಫೈಲಿಲ್ಲದಿರುವುದೋ, ಹಳೆಯ ಆವೃತ್ತಿಯು ಡೆಬಿಯನ್ನಿನ ಮುಖ್ಯ ಭಂಡಾರದಿಂದ ದಫ್ತರಭಂಡಾರಕ್ಕೆ ಹೋಗಿರುವುದೋ ಕಾರಣ. ಡಿಸ್ಕಿನಲ್ಲಿ ಸ್ಥಳ ಸಾಲದೆ ನಿಂತಾಗಲೂ ಸಂದೇಶವು ಬೇರೆ ಏನನ್ನೋ ಹೇಳುವುದುಂಟು.

ಇಷ್ಟರವರೆಗೆ ಹೇಳಿದುದು ಎಲ್ಲ ಭಾಷೆಯವರಿಗೂ ಸಮಾನ. ಕನ್ನಡದ ಕಾರ್ಯಕ್ಕೆಂದು ಕಟ್ಟಿದ ಇಮೇಜಿನ ನಿಜವಾದ ಪರೀಕ್ಷೆ ಅದು ಎದ್ದ ಮೇಲೆ ಆರಂಭವಾಗುವುದು. ತೆರೆಯ ಮೇಲೆ ಕನ್ನಡವು ಕೆಟ್ಟು ಕಾಣುವ ಬಗೆಗಳು ಹಲವು; ಎಲ್ಲವನ್ನೂ ‘ಫಾಂಟು ಸರಿಯಿಲ್ಲ’ ಎಂಬ ಒಂದೇ ಮಾತಿನಿಂದ ಕರೆಯುವುದು ರೂಢಿಯಾಗಿದೆ. ಈ ರೂಢಿಯು ಶೋಧನೆಗೆ ದೊಡ್ಡ ಶತ್ರು.

ಅಕ್ಷರವಿರಬೇಕಾದಲ್ಲಿ ಖಾಲಿ ಚೌಕಗಳು ಕಂಡರೆ ಮಾತ್ರ ಫಾಂಟು ಇಲ್ಲವೆನ್ನಬಹುದು. ಇಮೇಜನ್ನು ಚಿಕ್ಕದಾಗಿಸಲು ಶಿಫಾರಸಿನ ಪ್ಯಾಕೇಜುಗಳನ್ನು ಬಿಟ್ಟು ಕಟ್ಟುವವರು ಮೊದಲು ಕಳೆದುಕೊಳ್ಳುವುದು ಫಾಂಟುಗಳನ್ನೇ. ಲೋಹಿತ್, ಗುಬ್ಬಿ, ನವಿಲು, ನೋಟೋ ಮುಂತಾದ ಸ್ವತಂತ್ರ ಫಾಂಟುಗಳಲ್ಲಿ ಒಂದೆರಡನ್ನು ಹೆಸರಿಸಿಯೇ ಸೇರಿಸಬೇಕು. ಅಕ್ಷರಗಳೆಲ್ಲ ಇದ್ದು, ಒತ್ತುಗಳು ಕೆಳಗಿಳಿಯದೆ ‘ಶಾಸ್ತ್ರ’ ಎಂಬ ಶಬ್ದವು ಶಾ, ಸ್, ತ್, ರ ಎಂದು ಬಿಡಿಬಿಡಿಯಾಗಿ ನಿಂತರೆ ಫಾಂಟಿನ ತಪ್ಪಿಲ್ಲ. ಅಕ್ಷರಗಳನ್ನು ಕೂಡಿಸುವ ಎಂಜಿನು ಆ ಸ್ಥಳದಲ್ಲಿ ಕೆಲಸಮಾಡುತ್ತಿಲ್ಲ. ಬೂಟ್‌ಲೋಡರಿನ ಪಟ್ಟಿಯಲ್ಲಿ ಕನ್ನಡದ ಹೆಸರುಗಳನ್ನು ಬರೆಯಹೊರಟವರಿಗೆ ಈ ಅನುಭವವು ತಪ್ಪದು. ಗ್ರಬ್ಬಿಗೆ ಭಾರತೀಯ ಲಿಪಿಗಳ ಸಂಯುಕ್ತಾಕ್ಷರಗಳನ್ನು ರಚಿಸುವ ಶಕ್ತಿಯಿಲ್ಲ. ಲಿನಕ್ಸಿನ ಮೂಲ ಕನ್ಸೋಲಿಗೆ ಒಟ್ಟು 512 ಆಕೃತಿಗಳ ಮಿತಿಯಿದೆ; ಅಲ್ಲಿ ಕನ್ನಡವನ್ನು ಅಪೇಕ್ಷಿಸುವುದೇ ವ್ಯರ್ಥ. ಪಟ್ಟಿಯ ಸೂಚನೆಗಳು ಕನ್ನಡದಲ್ಲಿಯೇ ಇರಬೇಕೆಂದರೆ ಅವನ್ನು ಚಿತ್ರವಾಗಿ ರಚಿಸಿ ಹಿನ್ನೆಲೆಯಲ್ಲಿ ಇಡಬಹುದು. ಗಣಕಯಂತ್ರವು ತನ್ನ ಮೊದಲ ಮಾತನ್ನು ಇಂದಿಗೂ ಕನ್ನಡದಲ್ಲಿ ಆಡಲಾರದೆಂಬುದು ವಿಷಾದದ ಸಂಗತಿಯೇ ಸರಿ.

ಕನ್ನಡವಿರಬೇಕಾದಲ್ಲಿ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಗೊಂದಲವಾಗಿ ಕಂಡರೆ ಇಮೇಜಿನಲ್ಲಿ ಯಾವ ದೋಷವೂ ಇಲ್ಲ. ಆ ಕಡತವು ಯೂನಿಕೋಡಿಗೆ ಹಿಂದಿನ ಕ್ರಮದಲ್ಲಿ, ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದುದು. ಅದರಲ್ಲಿ ಸಂಗ್ರಹವಾಗಿರುವುದು ವಸ್ತುತಃ ರೋಮನ್ ಸಂಕೇತಗಳೇ. ಫಾಂಟು ಅವಕ್ಕೆ ಕನ್ನಡದ ವೇಷವನ್ನು ತೊಡಿಸುತ್ತಿತ್ತು. ಕನ್ನಡದ ಅಧ್ಯಾಪಕರಲ್ಲಿ ದಶಕಗಳ ಲೇಖನಗಳು ಈ ಸ್ಥಿತಿಯಲ್ಲಿರುವುದರಿಂದ ಪರಿವರ್ತಕವೊಂದನ್ನು ಇಮೇಜಿನಲ್ಲಿಯೇ ಸೇರಿಸಿಡುವುದು ಮೇಲು. ಕಡತದ ಹೆಸರಿನಲ್ಲಿ ಕನ್ನಡದ ಬದಲು ಪ್ರಶ್ನಚಿಹ್ನೆಗಳು ಬಂದರೆ ಕಾರಣ ಇನ್ನೂ ಬೇರೆ: ಹೊರಗಿನ ಡಿಸ್ಕನ್ನು ಯುಟಿಎಫ್-8 ಕ್ರಮದಲ್ಲಿ ತೆರೆದಿಲ್ಲ. ಅಂಥ ಹೆಸರುಗಳನ್ನು ಹಾಗೆಯೇ ನಕಲು ಮಾಡಿದರೆ ಮೂಲ ಹೆಸರು ಮರಳಿ ಬಾರದೆ ಹೋಗಬಹುದು. ಚೌಕಗಳಿಂದ ಯಾವ ನಷ್ಟವೂ ಇಲ್ಲ, ಪ್ರಶ್ನಚಿಹ್ನೆಗಳಿಂದ ಉಂಟು.

ಪರೀಕ್ಷೆಗೆ ತಕ್ಕ ಶಬ್ದಗಳನ್ನು ಆರಿಸುವುದರಲ್ಲಿ ಭಾಷಾಜ್ಞರಿಗೇ ಅಧಿಕಾರ ಹೆಚ್ಚು. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಸರಿಯಾಗಿ ಬರಬೇಕು. ‘ರ‍್ಯಾಂಕು’ ಎಂಬಲ್ಲಿ ರಕಾರವು ಮುಂದೆ ನಿಂತು ಯಕಾರವು ಒತ್ತಾಗಬೇಕು. ಎರಡನೆಯದಕ್ಕೆ ಕಣ್ಣಿಗೆ ಕಾಣದ ಜೋಡಕವೊಂದು ರಕಾರದ ಮುಂದೆ ಸೇರಬೇಕಾಗಿರುವುದರಿಂದ ಅದನ್ನು ಹಾಕುವ ಕೀಲಿಯೂ ಕೀಲಿಮಣೆಯಲ್ಲಿರಬೇಕು. ‘ರಾಷ್ಟ್ರ’ದಲ್ಲಿ ಎರಡು ಒತ್ತುಗಳು ಒಂದರ ಮೇಲೊಂದು ಬೀಳದೆ ನಿಲ್ಲಬೇಕು. ಹಳಗನ್ನಡದವರಿಗೆ ಱ, ೞ ಎಂಬ ಅಕ್ಷರಗಳು ಅನಿವಾರ್ಯ. ಯೂನಿಕೋಡಿನ ಪಟ್ಟಿಯಲ್ಲಿ ೞಕಾರಕ್ಕೆ ‘ಫಾ’ ಎಂಬ ಹೆಸರು ಬಿದ್ದಿರುವುದೂ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮದಿಂದ ಆ ತಪ್ಪು ಶಾಶ್ವತವಾಗಿ ನಿಂತಿರುವುದೂ ಹೊಸಬರನ್ನು ದಾರಿತಪ್ಪಿಸುವ ಸಂಗತಿ. ಹೆಸರಿನಿಂದ ಹುಡುಕುವವನಿಗೆ ೞಕಾರವು ಸಿಕ್ಕದು. ನಕಾರಪೊಲ್ಲು ಯೂನಿಕೋಡಿಗೆ ಸೇರಿದುದು 2021ರಲ್ಲಿ. ಅದಕ್ಕೂ ಹಿಂದಿನ ಫಾಂಟುಗಳಲ್ಲಿ ಅದು ಚೌಕವಾಗಿಯೇ ಕಾಣುವುದು.

ಅಷ್ಟೂರದಂಥ ಸ್ಥಳಕ್ಕೆ ಉರ್ದುವೂ ಬೇಕು. ಉರ್ದು ಓದುಗರು ಬಯಸುವುದು ನಸ್ತಾಲೀಕ್ ಶೈಲಿಯನ್ನು. ಅದರ ಫಾಂಟು ಇಲ್ಲದಿದ್ದರೆ ವ್ಯವಸ್ಥೆಯು ಯಾವ ದೂರನ್ನೂ ಹೇಳದೆ ನಸ್ಖ್ ಶೈಲಿಯಲ್ಲಿ ತೋರಿಸಿಬಿಡುವುದು. ಕನ್ನಡವೊಂದನ್ನೇ ಬಲ್ಲ ರಚಕನಿಗೆ ಇದು ದೋಷವೆಂದೇ ತೋರದು. ಆದಕಾರಣ ಆಯಾ ಲಿಪಿಯನ್ನು ಓದಬಲ್ಲವರೊಬ್ಬರು ಇಮೇಜನ್ನು ಒಮ್ಮೆ ನೋಡುವುದು ಅವಶ್ಯ.

ಕೀಲಿಮಣೆಯ ವಿಷಯದಲ್ಲಿ ಕಾಣುವ ದೂರು ಒಂದೇ ಬಗೆಯದು: ಕಟ್ಟುವಾಗ ಇದ್ದ ಕನ್ನಡದ ವಿನ್ಯಾಸವು ಇಮೇಜಿನಿಂದ ಎದ್ದಾಗ ಇಲ್ಲ. ಕೆ. ಪಿ. ರಾಯರು ರೂಪಿಸಿದ ವಿನ್ಯಾಸವನ್ನಾಗಲಿ ಇನ್‌ಸ್ಕ್ರಿಪ್ಟನ್ನಾಗಲಿ ಐಬಸ್ ಎಂಬ ಸಾಧನದ ಮೂಲಕ ಸೇರಿಸಬಹುದು. ಆದರೆ ರಚಕನು ತನ್ನ ಖಾತೆಯಲ್ಲಿ ಮಾಡಿದ ಆಯ್ಕೆಗಳು ಅವನ ಖಾತೆಯಲ್ಲಿಯೇ ಉಳಿಯುವುವು. ಲೈವ್ ವ್ಯವಸ್ಥೆಯ ಬಳಕೆದಾರನು ಪ್ರತಿಸಲವೂ ಹೊಸದಾಗಿ ಹುಟ್ಟುವವನು. ಅವನಿಗೆ ದೊರೆಯುವುದು ಸ್ಕೆಲ್ ಎಂಬ ಮಾದರಿಕೋಶದಲ್ಲಿ ಇಟ್ಟಿರುವುದು ಮಾತ್ರ. ಕನ್ನಡದ ಲೊಕೇಲನ್ನು ಹೆಸರಿಸಿದರೂ ಅದನ್ನು ರಚಿಸುವ ಆಜ್ಞೆಯನ್ನು ಕೊಡದಿದ್ದರೆ ಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿಯೇ ಬರುವುದಕ್ಕೂ ಇಂಥದೇ ಕಾರಣ.

ಇನ್ನು ನಷ್ಟದ ಪ್ರಶ್ನೆ. ಬಳಸುವವನು ಬರೆದುದೆಲ್ಲ ರ‍್ಯಾಮಿನ ಮೇಲ್ಪದರದಲ್ಲಿ ನಿಲ್ಲುವುದೆಂದು ಹಿಂದೆ ಹೇಳಿದೆ. ಯಂತ್ರವನ್ನು ಆರಿಸಿದೊಡನೆ ಆ ಪದರವು ಮಾಯವಾಗುವುದು. ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಬರಹವನ್ನು ಓದಿ ಪ್ರತಿಮಾಡಿದವನು ‘ಸೇವ್’ ಮಾಡಿದೆನೆಂಬ ಭರವಸೆಯಿಂದ ಯಂತ್ರವನ್ನು ಆರಿಸಿದರೆ ಮರುದಿನ ಅದರ ಒಂದಕ್ಷರವೂ ಇರದು. ಸೇವ್ ಆದುದು ನಿಜ. ಆದರೆ ನೀರಿನ ಮೇಲೆ. ಬಹು ಯಂತ್ರಗಳಿರುವ ಶಾಲೆಯಲ್ಲಿ ಇದೊಂದು ಗುಣ, ಏಕೆಂದರೆ ಮಕ್ಕಳು ಏನು ಮಾಡಿದರೂ ಮರುದಿನ ಯಂತ್ರವು ಶುದ್ಧವಾಗಿಯೇ ಏಳುವುದು. ಸಂಶೋಧಕನಿಗೆ ಅದೇ ವಿಪತ್ತು. ಡೆಬಿಯನ್ನಿನಲ್ಲಿ ಇದರ ನಿವಾರಣೆಗಾಗಿ ಪೆನ್‌ಡ್ರೈವಿನಲ್ಲಿ ಬೇರೊಂದು ವಿಭಾಗವನ್ನು ಮಾಡಿ, ಅದಕ್ಕೆ ‘ಪರ್ಸಿಸ್ಟೆನ್ಸ್’ ಎಂಬ ಲೇಬಲನ್ನು ಕೊಟ್ಟು, ಅದರೊಳಗೆ ‘ಪರ್ಸಿಸ್ಟೆನ್ಸ್.ಕಾನ್ಫ್’ ಎಂಬ ಒಂದು ಸಾಲಿನ ಫೈಲನ್ನಿಟ್ಟು, ಬೂಟ್‌ಲೋಡರಿನ ಸಾಲಿನಲ್ಲಿಯೂ ಅದೇ ಮಾತನ್ನು ಸೇರಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ವ್ಯವಸ್ಥೆಯು ಎಂದಿನಂತೆ ಏಳುವುದು, ಎಂದಿನಂತೆ ಬರೆಸಿಕೊಳ್ಳುವುದು, ಎಂದಿನಂತೆ ಮರೆಯುವುದು. ಎಚ್ಚರಿಕೆಯ ಒಂದು ಮಾತೂ ತೆರೆಯ ಮೇಲೆ ಬಾರದು. ಆದುದರಿಂದ ಕೆಲಸಕ್ಕೆ ತೊಡಗುವ ಮುನ್ನ ಎರಡು ಸಾಲನ್ನು ಬರೆದಿಟ್ಟು, ಯಂತ್ರವನ್ನು ಆರಿಸಿ ಎಬ್ಬಿಸಿ, ಅವು ಉಳಿದಿವೆಯೇ ಎಂದು ನೋಡಲೇಬೇಕು. ಲೇಬಲುಗಳೂ ಮಾತುಗಳೂ ಉಬುಂಟುವಿನಲ್ಲಿ ಬೇರೆ. ಅಲ್ಲಿ ಆವೃತ್ತಿಯಿಂದ ಆವೃತ್ತಿಗೂ ಅವು ಬದಲಾಗಿವೆ.

ಸಿದ್ಧವಾದ ಇಮೇಜನ್ನು ಇತರರಿಗೆ ಕೊಡುವ ಮುನ್ನ ಅದರ ಚೆಕ್‌ಸಮ್ಮನ್ನು ತೆಗೆದು ಜೊತೆಯಲ್ಲಿಡುವುದು ಸಂಪ್ರದಾಯ. 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಕೃತಿಯ ಪರಿಮಾಣವನ್ನು ಕೊನೆಯಲ್ಲಿ ನಮೂದಿಸುತ್ತಿದ್ದ ಲಿಪಿಕಾರರ ಉದ್ದೇಶವೂ ಭಾಗಶಃ ಇದೇ ಆಗಿತ್ತು. ಭೇದವೆಂದರೆ ಗ್ರಂಥಸಂಖ್ಯೆಯಿಂದ ಲೋಪವು ತಿಳಿಯುತ್ತಿತ್ತು, ಅಕ್ಷರದ ವ್ಯತ್ಯಾಸವು ತಿಳಿಯುತ್ತಿರಲಿಲ್ಲ. ಶಾ-256 ಎಂಬ ಕ್ರಮದ 64 ಅಂಕಾಕ್ಷರಗಳ ಮುದ್ರೆಯಲ್ಲಿ ಮೂಲದ ಒಂದು ಬಿಟ್ಟು ಬದಲಾದರೂ ಗೊತ್ತಾಗುವುದು. ಪೆನ್‌ಡ್ರೈವಿಗೆ ಬರೆದ ಮೇಲೂ ಅಷ್ಟೇ ಬೈಟುಗಳನ್ನು ಮರಳಿ ಓದಿ ಮುದ್ರೆಯನ್ನು ತಾಳೆನೋಡಬೇಕು. ಸುಳ್ಳು ಸಾಮರ್ಥ್ಯವನ್ನು ಮುದ್ರಿಸಿಕೊಂಡು ಮಾರಾಟವಾಗುವ ಅಗ್ಗದ ಪೆನ್‌ಡ್ರೈವುಗಳ ಬಣ್ಣವು ಬಯಲಾಗುವುದು ಇಲ್ಲಿಯೇ. ಕ್ಯೂಇಎಮ್‌ಯು ಎಂಬ ವರ್ಚುವಲ್ ಯಂತ್ರದಲ್ಲಿ ಬಯೋಸ್, ಯುಇಎಫ್‌ಐ ಎರಡು ರೀತಿಯಲ್ಲಿಯೂ ಎಬ್ಬಿಸಿ ನೋಡಿದರೆ ಮೊದಲೆರಡು ಕೊಂಡಿಗಳ ದೋಷಗಳಲ್ಲಿ ಹಲವು ಕಾಣಿಸಿಕೊಳ್ಳುವುವು. ಯುಎಸ್‌ಬಿ ಚಾಲಕದ ಕೊರತೆಯೂ ತೆರೆಯ ಚಾಲಕದ ಕೊರತೆಯೂ ಮಾತ್ರ ಅಲ್ಲಿ ಅಡಗಿಯೇ ಇರುವುವು. ಅವಕ್ಕೆ ನಿಜವಾದ ಯಂತ್ರವೇ ಬೇಕು, ಅದರಲ್ಲಿಯೂ ಹಳೆಯದೊಂದು.

ಹಳೆಯ ಯಂತ್ರಗಳ ವಿಷಯದಲ್ಲಿ ಯಾವ ಉಪಾಯದಿಂದಲೂ ತಿದ್ದಲಾರದ ತಡೆಯೊಂದುಂಟು. 64 ಬಿಟ್ಟಿನ ಕರ್ನಲು 32 ಬಿಟ್ಟಿನ ಪ್ರೊಸೆಸರಿನ ಮೇಲೆ ಏಳಲಾರದು. ತನಗೆ ತಕ್ಕ ಪ್ರೊಸೆಸರು ಇಲ್ಲಿಲ್ಲವೆಂದು ಮೊದಲ ಸಾಲಿನಲ್ಲಿಯೇ ಸ್ಪಷ್ಟವಾಗಿ ಹೇಳಿ ನಿಂತುಬಿಡುವುದು. ಉಬುಂಟು 2017ರಿಂದ 32 ಬಿಟ್ಟಿನ ಡೆಸ್ಕ್‌ಟಾಪ್ ಇಮೇಜುಗಳನ್ನು ಕೊಡುವುದನ್ನು ನಿಲ್ಲಿಸಿತು; 2025ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 13ರಲ್ಲಿಯೂ ಅಂಥ ಯಂತ್ರಗಳಿಗೆ ಕರ್ನಲು ಇಲ್ಲ. ಶಾಲೆಯ ಮೂಲೆಯಲ್ಲಿ ಉಳಿದಿರುವ ಅಂಥ ಯಂತ್ರವನ್ನು ಉಪಯೋಗಿಸಬೇಕಾದರೆ 2023ರ ಡೆಬಿಯನ್ 12ನ್ನೇ ಆಧಾರವಾಗಿ ಹಿಡಿದು ಕಟ್ಟಬೇಕಾಗುವುದು. ಅದರಲ್ಲಿ ದೊರೆಯುವ ನೋಟೋ ಫಾಂಟುಗಳ ಪ್ಯಾಕೇಜು 2020ರ ಡಿಸೆಂಬರಿನದು; ಆದುದರಿಂದ ಹಳಗನ್ನಡದ ಪ್ರತಿಗಳಿಗಾಗಿ ನಕಾರಪೊಲ್ಲು ಬೇಕೆನ್ನುವವರು ಹೊಸ ಫಾಂಟನ್ನು ಬೇರೆಯಾಗಿಯೇ ತಂದು ಇಮೇಜಿನಲ್ಲಿ ಸೇರಿಸಬೇಕು.